‘ಬ್ರಹ್ಮಾಂಡ’: ಒಂದು ಪದದ ಹುಟ್ಟು, ಅರ್ಥ ಮತ್ತು ಎಲ್ಲೆ

ಇರುವುದೆಲ್ಲವನ್ನೂ ಒಟ್ಟಾಗಿ ಹೆಸರಿಸಲು ಕನ್ನಡದಲ್ಲಿ ಹಲವು ಪದಗಳಿವೆ. ವಿಶ್ವ, ಜಗತ್ತು, ಲೋಕ, ಭುವನ, ಬ್ರಹ್ಮಾಂಡ ಇವು ಅವುಗಳಲ್ಲಿ ಮುಖ್ಯವಾದವು. ಇಂದಿನ ಬರವಣಿಗೆಯಲ್ಲಿ ಇವುಗಳನ್ನು ಒಂದರ ಸ್ಥಾನದಲ್ಲಿ ಮತ್ತೊಂದನ್ನಿಟ್ಟು ಬಳಸುವುದು ರೂಢಿಯಾಗಿದೆ. ಆದರೆ ಇವು ಹುಟ್ಟಿನಿಂದ ಸಮಾನಾರ್ಥಕಗಳಲ್ಲ. ‘ವಿಶ್ವ’ ಎಂಬುದು ಮೂಲದಲ್ಲಿ ‘ಎಲ್ಲ’ ಎಂಬ ಅರ್ಥದ ಸರ್ವನಾಮ. ‘ಜಗತ್’ ಎಂದರೆ ಚಲಿಸುವುದು. ‘ಲೋಕ’ ತೆರವಾದ ಎಡೆಯನ್ನೂ ಕಾಣಿಸುವ ನೆಲೆಯನ್ನೂ ಸೂಚಿಸುತ್ತಿದ್ದ ಪದ. ಹಳಗನ್ನಡದಲ್ಲಿ ಅದು ‘ಲೋಗ’ವಾಗಿ, ‘ಲೋಗರ್’ ಎಂಬ ರೂಪದಲ್ಲಿ ಜನರನ್ನೇ ಹೇಳತೊಡಗಿತು. ಈ ಪದಗಳ ನಡುವೆ ‘ಬ್ರಹ್ಮಾಂಡ’ ಪ್ರತ್ಯೇಕವಾಗಿ ನಿಲ್ಲುತ್ತದೆ. ಉಳಿದವು ಗುಣವನ್ನೋ ವ್ಯಾಪ್ತಿಯನ್ನೋ ಹೇಳಿದರೆ, ಇದು ಒಂದು ಆಕಾರವನ್ನು ಹೇಳುತ್ತದೆ. ಅಂಡವೆಂದರೆ ತತ್ತಿ. ತತ್ತಿಗೆ ಚಿಪ್ಪುಂಟು, ಚಿಪ್ಪಿಗೆ ಒಳಗು ಹೊರಗುಗಳುಂಟು.

ಈ ಚಿಪ್ಪನ್ನು ಮರೆತು ‘ಬ್ರಹ್ಮಾಂಡ’ವನ್ನು ‘ಸಮಸ್ತ’ ಎಂದೇ ಗ್ರಹಿಸಿದಾಗ ಪ್ರಾಚೀನ ಪಠ್ಯಗಳ ಹಲವು ಮಾತುಗಳು ಅರ್ಥಹೀನವಾಗುತ್ತವೆ, ಇಲ್ಲವೇ ಬರಿಯ ಅತಿಶಯೋಕ್ತಿಗಳಾಗಿ ತೋರುತ್ತವೆ. ಪದದ ಚರಿತ್ರೆಯನ್ನು ವೈದಿಕ ಮೂಲದಿಂದ ಪುರಾಣ, ಸಿದ್ಧಾಂತಗ್ರಂಥ, ಶಾಸನ ಮತ್ತು ಕನ್ನಡ ಸಾಹಿತ್ಯದವರೆಗೆ ಪರಿಶೀಲಿಸಿ, ಅದು ಮೊದಲಿಗೆ ಒಂದು ಎಲ್ಲೆಯ ಹೆಸರಾಗಿತ್ತು ಎಂಬುದನ್ನು ಸ್ಪಷ್ಟಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪದರಚನೆ

‘ಬ್ರಹ್ಮಾಂಡ’ ಷಷ್ಠೀ ತತ್ಪುರುಷ ಸಮಾಸ. ಬ್ರಹ್ಮನ ಅಂಡ ಎಂಬುದು ಅದರ ವಿಗ್ರಹವಾಕ್ಯ. ಇಲ್ಲಿ ಎರಡು ಸಂದೇಹಗಳು ಏಳುತ್ತವೆ. ಸಂಸ್ಕೃತದಲ್ಲಿ ನಪುಂಸಕಲಿಂಗದ ‘ಬ್ರಹ್ಮ’ ಪರತತ್ತ್ವವನ್ನೂ, ಪುಲ್ಲಿಂಗದ ‘ಬ್ರಹ್ಮಾ’ ಚತುರ್ಮುಖ ದೇವತೆಯನ್ನೂ ಹೇಳುತ್ತದೆ. ಸಮಾಸದ ಪೂರ್ವಪದವಾದಾಗ ಎರಡೂ ಒಂದೇ ರೂಪ ತಾಳುವುದರಿಂದ, ಅಂಡ ಯಾರದೆಂಬುದನ್ನು ವ್ಯಾಕರಣವೊಂದೇ ತೀರ್ಮಾನಿಸಲಾರದು. ಎರಡನೆಯದಾಗಿ, ಷಷ್ಠಿಯ ಅರ್ಥವೇನು? ಬ್ರಹ್ಮನು ನಿರ್ಮಿಸಿದ ಅಂಡವೇ, ಅವನ ಒಡೆತನದ ಅಂಡವೇ, ಅವನು ಹುಟ್ಟಿಬಂದ ಅಂಡವೇ?

ಮೊದಲನೆಯ ಸಂದೇಹಕ್ಕೆ ಕಾವ್ಯಭಾಷೆ ಉತ್ತರ ಕೊಡುತ್ತದೆ. ಕವಿಗಳು ಛಂದಸ್ಸಿನ ಅಗತ್ಯಕ್ಕನುಗುಣವಾಗಿ ಅಜಾಂಡ, ಕಮಲಜಾಂಡ, ಕಮಲಭವಾಂಡ ಮೊದಲಾದ ರೂಪಗಳನ್ನು ಧಾರಾಳವಾಗಿ ಬಳಸಿದ್ದಾರೆ. ಕಮಲಜ, ಕಮಲಭವ ಎಂಬ ಹೆಸರುಗಳು ಚತುರ್ಮುಖನಿಗೆ ಸಲ್ಲುವಂಥವು. ನಿರ್ಗುಣ ಪರತತ್ತ್ವಕ್ಕೆ ಅವು ಸಲ್ಲವು. ಪೂರ್ವಪದವನ್ನು ಹೀಗೆ ಬದಲಿಸಿದರೂ ಉತ್ತರಪದವಾದ ‘ಅಂಡ’ ಮಾತ್ರ ಕದಲದೆ ಉಳಿಯುತ್ತದೆ ಎಂಬುದು ಗಮನಾರ್ಹ. ಸಮಾಸದ ಒಳರಚನೆ ಬಳಸುವವರಿಗೆ ನಿಚ್ಚಳವಾಗಿ ಕಾಣುತ್ತಿದ್ದರೆ ಮಾತ್ರ ಇಂಥ ಪರ್ಯಾಯಗಳು ಹುಟ್ಟುತ್ತವೆ. ಅಂದರೆ ಮಧ್ಯಕಾಲೀನ ಕನ್ನಡ ಕವಿಗೂ ಅವನ ಓದುಗನಿಗೂ ಈ ಪದದೊಳಗಿನ ತತ್ತಿ ಇನ್ನೂ ಕಣ್ಣಿಗೆ ಕಟ್ಟುವಂತಿತ್ತು. ಎರಡನೆಯ ಸಂದೇಹವನ್ನು ಬಿಡಿಸಲು ಅಂಡದ ಕಥೆಯನ್ನೇ ನೋಡಬೇಕಾಗುತ್ತದೆ.

ಒಡೆಯುವ ಅಂಡ

ಋಗ್ವೇದದ ಹತ್ತನೆಯ ಮಂಡಲದ 121ನೆಯ ಸೂಕ್ತವು ಹಿರಣ್ಯಗರ್ಭನನ್ನು ಸ್ತುತಿಸುತ್ತದೆ. ಅಲ್ಲಿ ಬರುವುದು ಗರ್ಭದ ಕಲ್ಪನೆ; ಅಂಡದ ಮಾತು ಅಲ್ಲಿಲ್ಲ. ಅಂಡವು ಸೃಷ್ಟಿಕಥೆಯ ಕೇಂದ್ರಕ್ಕೆ ಬರುವುದು ಬ್ರಾಹ್ಮಣ ಮತ್ತು ಉಪನಿಷತ್ತುಗಳಲ್ಲಿ. ಶತಪಥ ಬ್ರಾಹ್ಮಣದ ಹನ್ನೊಂದನೆಯ ಕಾಂಡದ ಕಥೆಯಂತೆ ಮೊದಲಿಗಿದ್ದುದು ನೀರು. ನೀರಿನ ತಪಸ್ಸಿನಿಂದ ಚಿನ್ನದ ಅಂಡ ಉಂಟಾಗಿ ಒಂದು ವರ್ಷ ಕಾಲ ತೇಲಿತು. ಅದರಿಂದ ಪ್ರಜಾಪತಿ ಹುಟ್ಟಿದನು. ಛಾಂದೋಗ್ಯೋಪನಿಷತ್ತಿನ ಮೂರನೆಯ ಅಧ್ಯಾಯದ ವಿವರಣೆ ಇನ್ನೂ ಸ್ಫುಟವಾಗಿದೆ. ಅಂಡವು ಒಂದು ವರ್ಷ ಮಲಗಿದ್ದು ಎರಡು ಹೋಳಾಯಿತು. ಬೆಳ್ಳಿಯ ಹೋಳು ಭೂಮಿ, ಚಿನ್ನದ ಹೋಳು ಆಕಾಶ. ಹೊರಪೊರೆ ಪರ್ವತಗಳಾಯಿತು, ಒಳಪೊರೆ ಮೋಡ ಮಂಜುಗಳಾಯಿತು. ನಾಳಗಳು ನದಿಗಳಾದವು, ಒಳಗಿನ ದ್ರವ ಸಮುದ್ರವಾಯಿತು. ಅಲ್ಲಿಂದ ಹುಟ್ಟಿಬಂದವನು ಆದಿತ್ಯ.

ಮನುಸ್ಮೃತಿಯ ಮೊದಲ ಅಧ್ಯಾಯವೂ ಇದೇ ಜಾಡಿನಲ್ಲಿ ಸಾಗುತ್ತದೆ. ನೀರಿನಲ್ಲಿ ಬಿತ್ತಿದ ಬೀಜ ಚಿನ್ನದ ಅಂಡವಾಗಿ, ಅದರಲ್ಲಿ ಸರ್ವಲೋಕಪಿತಾಮಹನಾದ ಬ್ರಹ್ಮ ಹುಟ್ಟಿ, ಒಂದು ವರ್ಷ ಒಳಗಿದ್ದು, ಧ್ಯಾನಮಾತ್ರದಿಂದ ಅದನ್ನು ಇಬ್ಭಾಗ ಮಾಡಿ, ಆ ಎರಡು ತುಂಡುಗಳಿಂದ ದ್ಯಾವಾಪೃಥಿವಿಗಳನ್ನು ನಿರ್ಮಿಸಿದನು. ಷಷ್ಠಿಯ ಅರ್ಥ ಇಲ್ಲಿ ಬಯಲಾಗುತ್ತದೆ. ಇದು ಮೊದಲಿಗೆ ಬ್ರಹ್ಮನು ಹುಟ್ಟಿಬಂದ ಅಂಡ. ಅನಂತರ ಅವನ ಕಾರ್ಯಕ್ಷೇತ್ರವಾದ ಅಂಡ.

ಈ ಮೂರು ಪಠ್ಯಗಳಲ್ಲಿಯೂ ಅಂಡವು ಒಡೆಯುತ್ತದೆ. ಒಡೆಯುವುದೇ ಅದರ ಕೆಲಸ. ಅದು ಕಾಲದಲ್ಲಿ ಒಮ್ಮೆ ನಡೆದ ಘಟನೆ. ಜಗತ್ತು ಅದರ ಫಲ. ಒಡೆದ ಮೇಲೆ ಅಂಡವೆಂಬುದು ಉಳಿಯುವುದಿಲ್ಲ. ಆದ್ದರಿಂದ ಈ ಹಂತದಲ್ಲಿ ಜಗತ್ತನ್ನು ಅಂಡವೆಂದು ಕರೆಯುವುದಕ್ಕೆ ಅವಕಾಶವೇ ಇಲ್ಲ.

ಹಿರಣ್ಯಗರ್ಭ ಮತ್ತು ಅಂಡ ಇವೆರಡನ್ನು ಒಂದುಗೂಡಿಸಿದ ವ್ಯಾಖ್ಯಾನ ಪರಂಪರೆಯಲ್ಲಿ ಕರ್ನಾಟಕಕ್ಕೆ ಸಂಬಂಧಿಸಿದ ಹೆಸರೊಂದಿದೆ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿ ವೇದಭಾಷ್ಯ ರಚಿಸಿದ ಸಾಯಣಾಚಾರ್ಯರು ಹಿರಣ್ಯಗರ್ಭ ಪದವನ್ನು ‘ಹಿರಣ್ಮಯವಾದ ಅಂಡದ ಗರ್ಭವಾಗಿರುವ ಪ್ರಜಾಪತಿ’ ಎಂದು ವಿವರಿಸುತ್ತಾರೆ. ಸೂಕ್ತದಲ್ಲಿಲ್ಲದ ಅಂಡವು ಭಾಷ್ಯದಲ್ಲಿ ಪ್ರವೇಶಿಸಿದೆ. ಸಾಯಣರ ಕಾಲಕ್ಕೆ ಅಂಡದ ಕಲ್ಪನೆ ಎಷ್ಟು ಸಹಜವಾಗಿತ್ತೆಂಬುದಕ್ಕೆ ಇದು ಸಾಕ್ಷಿ.

ಒಡೆಯದ ಅಂಡ

ಪುರಾಣಗಳಲ್ಲಿ ನಿರ್ಣಾಯಕವಾದ ಬದಲಾವಣೆ ನಡೆಯುತ್ತದೆ. ಇಬ್ಭಾಗದ ಕಥೆ ಅಲ್ಲಿಯೂ ಅಲ್ಲಲ್ಲಿ ಉಳಿದಿದೆಯಾದರೂ, ಪ್ರಧಾನವಾಗುವುದು ಬೇರೊಂದು ಚಿತ್ರ. ವಿಷ್ಣುಪುರಾಣದ ಮೊದಲ ಅಂಶದಲ್ಲಿ ಮಹತ್ತಿನಿಂದ ಪಂಚಭೂತಗಳವರೆಗಿನ ತತ್ತ್ವಗಳು ಕೂಡಿ ಅಂಡವನ್ನು ಉಂಟುಮಾಡುತ್ತವೆ. ಪರ್ವತ, ದ್ವೀಪ, ಸಮುದ್ರ, ಗ್ರಹತಾರೆ, ದೇವಾಸುರಮಾನವರು ಎಲ್ಲರೂ ಅದರ ಒಳಗಿದ್ದಾರೆ. ಹೊರಗೆ ನೀರು, ಬೆಂಕಿ, ಗಾಳಿ, ಆಕಾಶ, ಅಹಂಕಾರ, ಮಹತ್ತು ಎಂಬ ಆವರಣಗಳು ಒಂದರ ಮೇಲೊಂದರಂತೆ ಹತ್ತುಪಟ್ಟು ಹಿರಿದಾಗುತ್ತ ಹೊದಿಸಿಕೊಂಡಿವೆ. ಇದಕ್ಕೆ ಕೊಟ್ಟಿರುವ ಉಪಮೆ ತೆಂಗಿನಕಾಯಿಯದು: ಒಳತಿರುಳನ್ನು ಹೊರಸಿಪ್ಪೆಗಳು ಸುತ್ತುವರಿದಂತೆ. ಎರಡನೆಯ ಅಂಶದಲ್ಲಿ ಬೇಲದ ಹಣ್ಣಿನ ಉಪಮೆ ಬರುತ್ತದೆ. ಎರಡೂ ಗಟ್ಟಿಯಾದ ಕರಟವುಳ್ಳ ಫಲಗಳು. ಉಪಮೆಯ ಆಯ್ಕೆಯಲ್ಲಿಯೇ ಒತ್ತು ಚಿಪ್ಪಿನ ಮೇಲೆ ಬಿದ್ದಿದೆ. ಈ ಚಿಪ್ಪಿಗೆ ಪುರಾಣಗಳು ‘ಅಂಡಕಟಾಹ’ ಎಂಬ ಹೆಸರನ್ನೇ ಕೊಟ್ಟಿವೆ. ಕಟಾಹವೆಂದರೆ ಕೊಪ್ಪರಿಗೆ, ಕಡಾಯಿ.

ಹೀಗೆ ಹಿಂದೊಮ್ಮೆ ಒಡೆದು ಮುಗಿದ ಅಂಡವು ಈಗ ಎಲ್ಲರೂ ಒಳಗೆ ವಾಸಿಸುವ ಪಾತ್ರೆಯಾಯಿತು; ಕಾಲದ ಕಲ್ಪನೆ ದೇಶದ ಕಲ್ಪನೆಯಾಗಿ ಮಾರ್ಪಟ್ಟಿತು. ‘ಬ್ರಹ್ಮಾಂಡ’ ಎಂಬ ಪದ ಜಗತ್ತಿಗೆ ಹೆಸರಾಗಿ ನಿಂತದ್ದು ಈ ಎರಡನೆಯ ಚಿತ್ರದ ಬಲದಿಂದ. ಅಮರಕೋಶವು ಜಗತೀ, ಲೋಕ, ವಿಷ್ಟಪ, ಭುವನ, ಜಗತ್ ಎಂಬ ಐದು ಪದಗಳನ್ನು ಒಂದೇ ಗುಂಪಿನಲ್ಲಿ ಪರ್ಯಾಯಗಳಾಗಿ ಹೇಳುತ್ತದೆ. ಬ್ರಹ್ಮಾಂಡಕ್ಕೆ ಆ ಗುಂಪಿನಲ್ಲಿ ಸ್ಥಾನವಿಲ್ಲ. ಹಿರಣ್ಯಗರ್ಭ ಪದವಾದರೋ ಅಲ್ಲಿ ಬ್ರಹ್ಮನ ನಾಮಗಳಲ್ಲೊಂದಾಗಿ ಬರುತ್ತದೆ.

ಚಿಪ್ಪು ಉಳಿಯಿತೆಂದ ಮೇಲೆ ಎರಡು ಪರಿಣಾಮಗಳು ಅನಿವಾರ್ಯ. ಒಂದು, ಚಿಪ್ಪಿಗೆ ಹೊರಗುಂಟು. ಭಾಗವತದ ಐದನೆಯ ಸ್ಕಂಧದಲ್ಲಿ ತ್ರಿವಿಕ್ರಮನ ಎಡಗಾಲಿನ ಹೆಬ್ಬೆರಳ ಉಗುರು ಅಂಡಕಟಾಹದ ಮೇಲ್ಭಾಗವನ್ನು ಭೇದಿಸಿದಾಗ ಹೊರಗಿನ ಜಲಧಾರೆ ಒಳಗೆ ನುಗ್ಗಿ ಗಂಗೆಯಾಯಿತೆಂಬ ಕಥೆಯಿದೆ. ಹೊರಗೆ ನೀರಿನ ಆವರಣವಿದೆಯೆಂಬ ಕಲ್ಪನೆ ಇಲ್ಲದಿದ್ದರೆ ಈ ಕಥೆ ನಿಲ್ಲಲಾರದು. ಎರಡು, ಒಂದು ಅಂಡವಿದ್ದರೆ ಹಲವು ಅಂಡಗಳಿರಬಹುದು. ವಿಷ್ಣುಪುರಾಣವೇ ಇಂಥ ಅಂಡಗಳು ಸಾವಿರ ಸಾವಿರಗಳ ಲೆಕ್ಕದಲ್ಲಿವೆಯೆನ್ನುತ್ತದೆ. ಕರ್ನಾಟಕದ ದೇವಾಲಯಗಳಲ್ಲಿ ಇಂದಿಗೂ ಕೇಳಿಬರುವ ‘ಅಖಿಲಾಂಡಕೋಟಿ ಬ್ರಹ್ಮಾಂಡನಾಯಕ’ ಎಂಬ ಬಿರುದು ಈ ಬಹುತ್ವವನ್ನು ಉಳಿಸಿಕೊಂಡಿದೆ. ಬ್ರಹ್ಮಾಂಡವೆಂದರೆ ‘ಇರುವುದೆಲ್ಲವೂ’ ಎಂದಾದರೆ ಅದಕ್ಕೆ ಕೋಟಿಯ ಸಂಖ್ಯೆ ಸೇರುವುದು ಹೇಗೆ?

ಅಳೆಯಲಾದ ಅಂಡ

ಎಲ್ಲೆಯಿರುವ ವಸ್ತುವನ್ನು ಅಳೆಯಬಹುದು. ಸಿದ್ಧಾಂತಕಾರರು ಅದನ್ನೇ ಮಾಡಿದರು. ಎಲ್ಲ ಗ್ರಹಗಳೂ ಒಂದು ಕಲ್ಪದಲ್ಲಿ ಸಮಾನ ದೂರವನ್ನು ಕ್ರಮಿಸುತ್ತವೆಂಬ ತತ್ತ್ವವನ್ನು ಹಿಡಿದು, ಆ ದೂರವನ್ನು ‘ಖಕಕ್ಷೆ’, ಅಂದರೆ ಆಕಾಶದ ಪರಿಧಿ, ಎಂದು ಹೆಸರಿಸಿದರು. ಸೂರ್ಯಸಿದ್ಧಾಂತದ ಪ್ರಕಾರ ಚಂದ್ರನ ಕಕ್ಷೆ 3,24,000 ಯೋಜನ. ಒಂದು ಕಲ್ಪದಲ್ಲಿ ಅವನ ಪರಿಭ್ರಮಣೆಗಳು 57,75,33,36,000. ಇವೆರಡರ ಗುಣಲಬ್ಧವಾದ 18,71,20,80,86,40,00,000 ಯೋಜನವೇ ಖಕಕ್ಷೆ. ಆರ್ಯಭಟನು ಯುಗವನ್ನು ಆಧಾರವಾಗಿಟ್ಟುಕೊಂಡು ಲೆಕ್ಕಹಾಕಿದ್ದರಿಂದ ಅವನ ಮೊತ್ತ 1,24,74,72,05,76,000 ಯೋಜನ.

ಈ ಸಂಖ್ಯೆ ಬ್ರಹ್ಮಾಂಡದ ಸುತ್ತಳತೆಯೇ ಎಂಬ ಪ್ರಶ್ನೆಗೆ ಜ್ಯೋತಿಷಿಗಳು ಒಮ್ಮತದ ಉತ್ತರ ಕೊಡಲಿಲ್ಲ. 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯನು ತನ್ನ ಲೆಕ್ಕದಂತೆ 18,71,20,69,20,00,00,000 ಯೋಜನಗಳನ್ನು ಹೇಳಿ, ಮೂರು ಮತಗಳನ್ನು ಉಲ್ಲೇಖಿಸುತ್ತಾನೆ. ಕೆಲವರಿಗೆ ಅದು ಬ್ರಹ್ಮಾಂಡಕಟಾಹ ಸಂಪುಟದ ಸುತ್ತಳತೆ. ಪೌರಾಣಿಕರಿಗೆ ಲೋಕಾಲೋಕ ಪರ್ವತದ್ದು. ಗೋಳವನ್ನು ಚೆನ್ನಾಗಿ ಬಲ್ಲವರಿಗೆ ಸೂರ್ಯಕಿರಣಗಳು ಕತ್ತಲೆಯನ್ನು ಕಳೆಯುವಷ್ಟು ಆಕಾಶದ ಪರಿಧಿ. ತನ್ನ ಅಭಿಪ್ರಾಯವನ್ನು ಅವನು ಬಹು ಎಚ್ಚರಿಕೆಯಿಂದ ಹೇಳುತ್ತಾನೆ: ಬ್ರಹ್ಮಾಂಡ ಇಷ್ಟೇ ಇರಲಿ ಇಲ್ಲದಿರಲಿ, ಕಲ್ಪವೊಂದರಲ್ಲಿ ಗ್ರಹವು ಕ್ರಮಿಸುವ ಯೋಜನಗಳ ಮೊತ್ತಕ್ಕೆ ಪೂರ್ವಿಕರು ಖಕಕ್ಷೆಯೆಂದರು ಎಂಬುದಷ್ಟೇ ತನ್ನ ಮತ. ಗಣಿತಕ್ಕೆ ನಿಲುಕುವುದು ಯಾವುದು, ನಿಲುಕದಿರುವುದು ಯಾವುದು ಎಂಬ ವಿವೇಕ ಇಲ್ಲಿ ಕಾಣುತ್ತದೆ. ‘ಸಂಪುಟ’ ಎಂಬ ಮಾತೂ ಗಮನಿಸತಕ್ಕದ್ದು. ಬಾಯಿಗೆ ಬಾಯಿ ಕೂಡಿಸಿದ ಎರಡು ಬೋಗುಣಿಗಳ ಚಿತ್ರ ಅದು. ಉಪನಿಷತ್ತಿನಲ್ಲಿ ಬೇರೆಯಾದ ಎರಡು ಹೋಳುಗಳು ಇಲ್ಲಿ ಮತ್ತೆ ಕೂಡಿಕೊಂಡಿವೆ.

ಸುಮಾರು 1030ರಲ್ಲಿ ಭಾರತವನ್ನು ಕುರಿತ ತನ್ನ ಗ್ರಂಥವನ್ನು ಮುಗಿಸಿದ ಅಲ್‌ಬೆರೂನಿಯು ಬ್ರಹ್ಮಾಂಡಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಪದದ ಅರ್ಥ ಬ್ರಹ್ಮನ ತತ್ತಿಯೆಂದು ವಿವರಿಸಿ, ಬೇರೆ ಬೇರೆ ಜ್ಯೋತಿಷಿಗಳ ಮತಗಳನ್ನು ಸಂಗ್ರಹಿಸುತ್ತಾನೆ. ಸೂರ್ಯಕಿರಣ ತಲಪುವಷ್ಟನ್ನು ತಿಳಿದರೆ ಸಾಕು, ಅದರಾಚೆಯದು ನಮಗೆ ಬೇಕಿಲ್ಲ ಎಂಬ ಆರ್ಯಭಟನ ಅನುಯಾಯಿಗಳ ನಿಲುವು ಅವನಿಗೆ ಒಪ್ಪಿಗೆಯಾಯಿತು. ಪರದೇಶದ ವಿದ್ವಾಂಸನೂ ಈ ಪದವನ್ನು ಎಲ್ಲೆಯ ಪ್ರಶ್ನೆಯಾಗಿಯೇ ಗ್ರಹಿಸಿದನೆಂಬುದು ಇದರಿಂದ ವಿದಿತವಾಗುತ್ತದೆ.

ದಾನವಾದ ಅಂಡ

ಎಲ್ಲೆಯಿರುವ ವಸ್ತುವನ್ನು ಮಾಡಿಸಿ ಕೊಡಲೂಬಹುದು. ಮತ್ಸ್ಯಪುರಾಣವು ಹೇಳುವ ಷೋಡಶ ಮಹಾದಾನಗಳಲ್ಲಿ ತುಲಾಪುರುಷ, ಹಿರಣ್ಯಗರ್ಭಗಳ ಅನಂತರ ಬ್ರಹ್ಮಾಂಡದಾನ ಬರುತ್ತದೆ. ಶಕ್ತ್ಯನುಸಾರ ಇಪ್ಪತ್ತು ಪಲದಿಂದ ಸಾವಿರ ಪಲದವರೆಗಿನ ಚಿನ್ನದಲ್ಲಿ, ಎರಡು ಕಲಶಗಳನ್ನು ಕೂಡಿಸಿ, ಹನ್ನೆರಡು ಅಂಗುಲದಿಂದ ನೂರು ಅಂಗುಲದವರೆಗಿನ ಅಂಡವನ್ನು ಮಾಡಿಸಬೇಕು. ಅಷ್ಟದಿಗ್ಗಜಗಳು, ಅಷ್ಟದಿಕ್ಪಾಲಕರು, ನಡುವೆ ಚತುರ್ಮುಖ, ಶಿಖರದಲ್ಲಿ ಶಿವ, ವಿಷ್ಣು, ಸೂರ್ಯರು, ಗರ್ಭದಲ್ಲಿ ವಸುಗಳು, ಆದಿತ್ಯರು, ಮರುತ್ತುಗಳು ಇರಬೇಕು. ಪುರಾಣದ ವಿಶ್ವಚಿತ್ರ ಇಲ್ಲಿ ಅಕ್ಕಸಾಲಿಗನ ಅಳತೆಗೆ ಇಳಿದಿದೆ.

ಕರ್ನಾಟಕದ ರಾಜಮನೆತನಗಳಿಗೆ ಈ ದಾನಪರಂಪರೆ ಆರಂಭದಿಂದಲೂ ಪರಿಚಿತ. ಕ್ರಿ.ಶ. 543ರ, ಶಕವರ್ಷ 465ರ ಬಾದಾಮಿಯ ಬಂಡೆಗಲ್ಲು ಶಾಸನವು ಒಂದನೆಯ ಪುಲಕೇಶಿಯನ್ನು ಹಿರಣ್ಯಗರ್ಭಸಂಭೂತನೆಂದು ಬಣ್ಣಿಸುತ್ತದೆ. ರಾಷ್ಟ್ರಕೂಟ ದಂತಿದುರ್ಗನು ಉಜ್ಜಯಿನಿಯಲ್ಲಿ ಹಿರಣ್ಯಗರ್ಭದಾನ ಮಾಡಿದ ಸಂಗತಿ ಸಂಜಾನ್ ತಾಮ್ರಪಟಗಳಲ್ಲಿ ಬರುತ್ತದೆ. ಹಿರಣ್ಯಗರ್ಭವು ಅರಸನು ಒಳಹೊಕ್ಕು ಹೊಸಜನ್ಮ ಪಡೆದು ಹೊರಬರುವ ವಿಧಿ. ಬ್ರಹ್ಮಾಂಡವಾದರೋ ಸಿದ್ಧಪಡಿಸಿ ಕೈಯೆತ್ತಿ ಕೊಡುವ ವಸ್ತು. ವೇದದ ಗರ್ಭ ಮತ್ತು ಪುರಾಣದ ಅಂಡ ಎಂಬ ಭೇದವನ್ನು ಭಾಷ್ಯಕಾರರು ಅಳಿಸಿದರೂ ದಾನವಿಧಿ ಉಳಿಸಿಕೊಂಡಿತು.

ವಿಜಯನಗರದ ತುಳುವ ಅರಸರ ತಾಮ್ರಶಾಸನಗಳ ಪ್ರಶಸ್ತಿಭಾಗದಲ್ಲಿ ಮಹಾದಾನಗಳ ಪಟ್ಟಿಯೇ ಶ್ಲೋಕರೂಪದಲ್ಲಿ ಬರುತ್ತದೆ. ಅದರಲ್ಲಿ ಬ್ರಹ್ಮಾಂಡದ ಪಕ್ಕದಲ್ಲಿಯೇ ವಿಶ್ವಚಕ್ರವನ್ನು ಹೇಳಲಾಗಿದೆ. ಇಂದಿನ ಓದುಗನಿಗೆ ಇದು ಪುನರುಕ್ತಿಯಂತೆ ತೋರಬಹುದು; ಬ್ರಹ್ಮಾಂಡವೂ ವಿಶ್ವವೂ ಒಂದೇ ಎಂದು ಭಾವಿಸುವುದರಿಂದ ಹುಟ್ಟುವ ಭ್ರಮೆ ಇದು. ಶಾಸನಕವಿಗೆ ಅವು ಎರಡು ಬೇರೆ ದಾನಗಳು, ಎರಡು ಬೇರೆ ಆಕಾರಗಳು. ಒಂದು ಮುಚ್ಚಿದ ಅಂಡ, ಇನ್ನೊಂದು ಅರೆಕಾಲುಗಳುಳ್ಳ ಚಕ್ರ. ಈ ದಾನದ ಚಿನ್ನವು ಹಂಚಿಹೋಗುವಂಥದು. ಆದ್ದರಿಂದ ಅದರ ಚರಿತ್ರೆಯನ್ನು ಪದಗಳಲ್ಲಿಯೇ ಹುಡುಕಬೇಕು. ಪದಗಳ ಭೇದವನ್ನು ಕಳೆದುಕೊಂಡರೆ ಚರಿತ್ರೆಯ ಒಂದು ಭಾಗವೇ ಕಳೆದುಹೋಗುತ್ತದೆ.

ಅಂಡವನ್ನು ಒಪ್ಪದ ಲೋಕ

ಕನ್ನಡ ಸಾಹಿತ್ಯದ ಆರಂಭಕಾಲದ ದೊಡ್ಡ ಕೃತಿಗಳ ಹಿಂದಿರುವ ಜೈನದರ್ಶನಕ್ಕೆ ಬ್ರಹ್ಮಾಂಡದ ಕಲ್ಪನೆ ಒಪ್ಪಿತವಲ್ಲ. ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು ತಮ್ಮ ಮಹಾಪುರಾಣದಲ್ಲಿ ಸೃಷ್ಟಿಕರ್ತನನ್ನು ನೇರವಾಗಿ ನಿರಾಕರಿಸುತ್ತಾರೆ. ಸೃಷ್ಟಿಗೆ ಮೊದಲು ಸೃಷ್ಟಿಕರ್ತ ಎಲ್ಲಿದ್ದನು, ಯಾವ ಸಾಮಗ್ರಿಯಿಂದ ರಚಿಸಿದನು ಎಂಬುವು ಅವರ ಪ್ರಶ್ನೆಗಳು. ಅವರ ಪೂರ್ವಪುರಾಣವೇ ಪಂಪನ ಆದಿಪುರಾಣಕ್ಕೆ ಆಕರ. ಶ್ರವಣಬೆಳಗೊಳದೊಡನೆ ಸಂಬಂಧವಿರಿಸಿಕೊಂಡಿದ್ದ, ಚಾವುಂಡರಾಯನ ಗುರುವಾದ ನೇಮಿಚಂದ್ರಾಚಾರ್ಯರ ವಿಶ್ವವರ್ಣನೆಯ ಗ್ರಂಥದ ಹೆಸರು ತ್ರಿಲೋಕಸಾರ.

ಇಲ್ಲಿ ಪ್ರಮಾಣಪದ ‘ಲೋಕ’. ಅದು ಅನಾದಿ, ಯಾರೂ ಮಾಡಿದ್ದಲ್ಲ. ಕಾಲುಗಳನ್ನು ಅಗಲಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತ ಪುರುಷನ ಆಕಾರದ್ದು. ಎತ್ತರ ಹದಿನಾಲ್ಕು ರಜ್ಜು, ಘನಫಲ 343 ಘನರಜ್ಜು. ಅದನ್ನು ಸುತ್ತುವರಿದ ವಾತವಲಯಗಳು ಮೂರು. ಅವುಗಳಾಚೆ ಕೊನೆಯಿಲ್ಲದ ಅಲೋಕಾಕಾಶ. ಪುರಾಣದ ಅಂಡದಂತೆ ಇಲ್ಲಿಯೂ ಎಲ್ಲೆಯುಂಟು, ಆವರಣವುಂಟು, ಹೊರಗುಂಟು. ಇಲ್ಲದಿರುವುದು ಹುಟ್ಟು ಮಾತ್ರ. ಅಂಡವೆಂದೊಡನೆ ಅದನ್ನು ಇಟ್ಟವರಾರು, ಅದರಿಂದ ಹುಟ್ಟಿದವರಾರು ಎಂಬ ಪ್ರಶ್ನೆಗಳು ಬೆನ್ನುಹತ್ತುತ್ತವೆ. ‘ಲೋಕ’ ಎಂಬ ಪದಕ್ಕೆ ಆ ಹೊರೆಯಿಲ್ಲ. ಆದ್ದರಿಂದ ಪ್ರಾಚೀನ ಕನ್ನಡ ಪಠ್ಯವೊಂದು ಲೋಕ ಎನ್ನುತ್ತದೆಯೋ ಬ್ರಹ್ಮಾಂಡ ಎನ್ನುತ್ತದೆಯೋ ಎಂಬುದನ್ನು ಛಂದಸ್ಸಿನ ಅನುಕೂಲವೆಂದು ತಳ್ಳಿಹಾಕುವ ಮುನ್ನ ಅದರ ಹಿಂದಿರುವ ದರ್ಶನವನ್ನು ವಿಚಾರಿಸುವುದು ಅವಶ್ಯ.

ಚಿಪ್ಪಿನಾಚೆ

ಹನ್ನೆರಡನೆಯ ಶತಮಾನದ ಶರಣರು ‘ಬ್ರಹ್ಮಾಂಡ’ವನ್ನು ಬಳಸಿದ ರೀತಿಯಲ್ಲಿ ಪದದ ಮೂಲಾರ್ಥ ಹೊಸ ಶಕ್ತಿ ಪಡೆಯಿತು. ಬಸವಣ್ಣನವರ ಬಹು ಪ್ರಸಿದ್ಧವಾದ ವಚನವೊಂದರಲ್ಲಿ ದೇವರ ಪಾದ ಪಾತಾಳದಿಂದಾಚೆಗೂ ಮುಕುಟ ಬ್ರಹ್ಮಾಂಡದಿಂದಾಚೆಗೂ ಚಾಚಿರುವುದನ್ನು ಹೇಳಿ, ಅಂಥವನು ಅಂಗೈಯ ಇಷ್ಟಲಿಂಗವಾದ ವಿಸ್ಮಯವನ್ನು ಸೂಚಿಸಲಾಗಿದೆ. ಬ್ರಹ್ಮಾಂಡವನ್ನು ‘ಸಮಸ್ತ’ ಎಂದು ಓದಿದರೆ, ಸಮಸ್ತದಿಂದಾಚೆ ಎಂಬ ಮಾತು ಉತ್ಪ್ರೇಕ್ಷೆ ಮಾತ್ರವಾಗುತ್ತದೆ. ಅಂಡವೆಂದು ಓದಿದರೆ ಅದು ಖಚಿತವಾದ ಒಂದು ನೆಲೆಯನ್ನು ಸೂಚಿಸುತ್ತದೆ. ಕೆಳಗೆ ಪಾತಾಳ, ಮೇಲೆ ಅಂಡಕಟಾಹ. ಪುರಾಣವು ಕಟ್ಟಿದ ಈ ಆವರಣದ ಎರಡೂ ತುದಿಗಳನ್ನು ಒಂದೊಂದಾಗಿ ಹೆಸರಿಸಿ ದಾಟಲಾಗಿದೆ. ಬ್ರಹ್ಮನ ಅಂಡ ಎಷ್ಟೇ ಹಿರಿದಾದರೂ ಸೃಷ್ಟವಾದದ್ದು, ಎಲ್ಲೆಯುಳ್ಳದ್ದು. ಅಂಗೈಯಲ್ಲಿರುವುದು ಅದನ್ನು ಮೀರಿದ್ದು. ಅಳತೆಗಳ ಈ ತಿರುವುಮುರುವಿನಲ್ಲಿಯೇ ವಚನದ ಅರ್ಥವಿದೆ. ಅನ್ಯಭಾಷೆಗಳಿಗೆ ಅನುವಾದಿಸುವಾಗ ಬ್ರಹ್ಮಾಂಡವನ್ನು ವಿಶ್ವದ ಸಮಾನಪದದಿಂದ ತುಂಬಿಬಿಟ್ಟರೆ ಈ ಅರ್ಥ ಸೋರಿಹೋಗುತ್ತದೆ.

ಪಿಂಡಾಂಡ–ಬ್ರಹ್ಮಾಂಡ ಎಂಬ ಜೋಡಿಯೂ ಇದೇ ತರ್ಕದ ಮೇಲೆ ನಿಂತಿದೆ. ದೇಹವೂ ಒಂದು ಅಂಡ, ಜಗತ್ತೂ ಒಂದು ಅಂಡ. ಎರಡಕ್ಕೂ ಚಿಪ್ಪಿದೆ, ಎರಡರ ಒಳಗೂ ಜೀವವಿದೆ. ಬಯಲಿಗೂ ಪಿಂಡಕ್ಕೂ ಇಂಥ ಹೋಲಿಕೆ ಸಾಧ್ಯವಾಗುತ್ತಿರಲಿಲ್ಲ. ಶರಣರು ಪರತತ್ತ್ವಕ್ಕೆ ‘ಬಯಲು’ ಎಂಬ ಅಚ್ಚಗನ್ನಡ ಪದವನ್ನು ಆರಿಸಿಕೊಂಡದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅಂಡಕ್ಕೆ ಇರುವ ಚಿಪ್ಪು ಬಯಲಿಗಿಲ್ಲ.

ಸಮಾರೋಪ

ಆಧುನಿಕ ಕನ್ನಡದಲ್ಲಿ ಪದ ಎರಡು ದಿಕ್ಕುಗಳಲ್ಲಿ ಹರಡಿದೆ. ಆಡುಮಾತಿನಲ್ಲಿಯೂ ಪತ್ರಿಕೆಗಳಲ್ಲಿಯೂ ಅದು ‘ಬಹು ದೊಡ್ಡ’ ಎಂಬ ವಿಶೇಷಣವಾಗಿದೆ. ‘ಬ್ರಹ್ಮಾಂಡ ಭ್ರಷ್ಟಾಚಾರ’ ಎನ್ನುವಲ್ಲಿ ಬ್ರಹ್ಮನೂ ಇಲ್ಲ, ಅಂಡವೂ ಇಲ್ಲ, ಗಾತ್ರವೊಂದೇ ಉಳಿದಿದೆ. ವಿಜ್ಞಾನ ಬರವಣಿಗೆಯಲ್ಲಿ ಅದು ವಿಶ್ವದ ಪರ್ಯಾಯವಾಗಿದೆ. 1929ರಲ್ಲಿ ಹಬಲ್ ಪ್ರಕಟಿಸಿದ ಶೋಧದ ಅನಂತರ ವಿಶ್ವವು ಹಿಗ್ಗುತ್ತಿರುವುದೆಂಬ ತಿಳಿವಳಿಕೆ ಬೇರೂರಿತು. ಹಿಗ್ಗುವ ವಿಶ್ವವನ್ನು ಚಿಪ್ಪುಳ್ಳ ಪದದಿಂದ ಕರೆಯುವುದು ವಿಚಿತ್ರವೆನಿಸಿದರೂ ಪದಗಳು ಹೀಗೆಯೇ ಬಾಳುತ್ತವೆ, ಅದನ್ನು ದೋಷವೆನ್ನುವಂತಿಲ್ಲ. ಆದರೆ ಇಂದಿನ ಅರ್ಥವನ್ನು ಹಿಂದಿನ ಪಠ್ಯಗಳ ಮೇಲೆ ಹೊರಿಸುವುದು ದೋಷ. ಪುರಾಣದ ಬಹು ಅಂಡಗಳನ್ನು ಕಂಡೊಡನೆ ಇಂದಿನ ಬಹುವಿಶ್ವ ಸಿದ್ಧಾಂತವನ್ನು ಅಲ್ಲಿ ಕಾಣುವುದೂ ಅದೇ ದೋಷದ ಇನ್ನೊಂದು ಮುಖ. ಪುರಾಣದ ಅಂಡಗಳು ಹುಟ್ಟಿದ್ದು ತತ್ತಿಯೆಂಬ ರೂಪಕದ ಒಳತರ್ಕದಿಂದ.

ಒಟ್ಟಿನಲ್ಲಿ ಹೇಳುವುದಾದರೆ, ವೈದಿಕ ಪಠ್ಯಗಳಲ್ಲಿ ಒಡೆದು ಜಗತ್ತಾದ ಅಂಡ ಪುರಾಣಗಳಲ್ಲಿ ಒಡೆಯದೆ ಜಗತ್ತನ್ನು ಒಳಗಿಟ್ಟುಕೊಂಡಿತು, ಜ್ಯೋತಿಷಿಗಳಿಗೆ ಅಳತೆಯ ಪ್ರಶ್ನೆಯಾಯಿತು, ಅರಸರಿಗೆ ದಾನದ್ರವ್ಯವಾಯಿತು, ಜೈನರಿಗೆ ನಿರಾಕರಣೆಯ ವಸ್ತುವಾಯಿತು, ಶರಣರಿಗೆ ದಾಟಬೇಕಾದ ಗಡಿಯಾಯಿತು. ಇವರೆಲ್ಲರೂ ಬೇರೆ ಬೇರೆ ನೆಲೆಗಳಲ್ಲಿ ನಿಂತಿದ್ದರೂ ಪದದಲ್ಲಿ ಕಂಡದ್ದು ಒಂದನ್ನೇ, ಚಿಪ್ಪನ್ನು. ನಿಘಂಟು, ಅನುವಾದ ಮತ್ತು ಶಾಸನವ್ಯಾಖ್ಯಾನಗಳು ಈ ಚಿಪ್ಪನ್ನು ಕಾಯ್ದುಕೊಂಡಾಗ ಮಾತ್ರ ಬ್ರಹ್ಮಾಂಡವನ್ನು ಕುರಿತು ಹಿಂದಿನವರು ಆಡಿದ ಮಾತುಗಳು ಅವರು ಆಡಿದ ಅರ್ಥದಲ್ಲಿಯೇ ನಮಗೆ ತಲಪುತ್ತವೆ.